ಕಿವಿ ಕ್ಲಿನಿಕ್ಕಿನ ಹೊಸಬಳು

ಮಗ ಕಾಲೇಜಿಗೆ ಸೇರಿದ ವರ್ಷವೇ ಅವಳೂ ಓದಲು ಸೇರಿದಳು. ಕಿವಿ ಕೇಳಿಸದವರನ್ನು ಪರೀಕ್ಷಿಸಿ ಮೆಷಿನ್ ಕೂರಿಸುವುದನ್ನು ಕಲಿಸುವ ಡಿಪ್ಲೊಮಾ. ಅಮ್ಮ ಮಗ ಊಟದ ಮೇಜಿನ ಆ ತುದಿ ಈ ತುದಿ ಕೂತು ಓದಿದರು. ಅಮ್ಮನಿಗೇ ಒಳ್ಳೆಯ ಅಂಕ ಬಂತು. ಆದರೆ ಕೆಲಸ ಕೇಳಿಕೊಂಡು ಎಲ್ಲಿಗೆ ಹೋದರೂ ಅನುಭವ ಎಷ್ಟಿದೆ ಎನ್ನುವ ಪ್ರಶ್ನೆ. ಮಗನನ್ನು ಸಾಕಿದ್ದು, ಮನೆ ತೂಗಿಸಿದ್ದು ಯಾವುದೂ ಆ ಲೆಕ್ಕಕ್ಕೆ ಬರುತ್ತಿರಲಿಲ್ಲ.

ಕೊನೆಗೆ ಔಷಧಿ ಅಂಗಡಿಯ ಮೇಲಿನ ಮಹಡಿಯಲ್ಲಿದ್ದ ಸಣ್ಣ ಕ್ಲಿನಿಕ್ಕಿನ ಡಾಕ್ಟರಮ್ಮ, "ಆರು ತಿಂಗಳು ಇಂಟರ್ನ್ ಆಗಿ ಬನ್ನಿ. ಸಂಬಳ ಕೊಡೋಕಾಗಲ್ಲ, ಕೆಲಸ ಕಲೀಬಹುದು" ಎಂದರು. ಡಾಕ್ಟರಮ್ಮನಿಗೂ ಹೆಚ್ಚುಕಡಿಮೆ ಅವಳದೇ ವಯಸ್ಸು. ಅವಳು ಎರಡು ಮಾತಾಡದೆ ಒಪ್ಪಿಕೊಂಡಳು.

ಗಂಡ, "ನಿನಗೆ ಸರಿ ಅನಿಸಿದ್ರೆ ಹೋಗು" ಎಂದ. ಅವನ ಅಕ್ಕ ಮಾತ್ರ ಸುದ್ದಿ ಕೇಳಿ ಹುಬ್ಬೇರಿಸಿದಳು. "ಅಲ್ಲ ಕಣೇ, ಬಿಟ್ಟಿ ಚಾಕರಿಗೆ ಸೀರೆಗೆ ಇಷ್ಟೊಂದು ಇಸ್ತ್ರಿ ಮಾಡ್ಕೊಂಡು ಹೋಗ್ತೀಯಲ್ಲ!"

ನಗುತ್ತಲೇ ಆಡಿದ ಮಾತಾದರೂ ಅದು ಮುಳ್ಳಿನಂತೆ ಒಳಗೇ ಉಳಿಯಿತು.

ಕ್ಲಿನಿಕ್ಕಿನಲ್ಲಿ ಮೊದಮೊದಲು ಅವಳ ಕೆಲಸ ಎಂದರೆ ಬಾಗಿಲು ತೆಗೆಯುವುದು, ಹೆಡ್‌ಫೋನ್ ಒರೆಸಿಡುವುದು, ಬಂದವರನ್ನು ಪರೀಕ್ಷೆಗೆಂದೇ ಇದ್ದ, ಹೊರಗಿನ ಸದ್ದು ಬಾರದ ಗಾಜಿನ ಕೋಣೆಗೆ ಕರೆದೊಯ್ದು ಕೂರಿಸುವುದು. ನಿಧಾನವಾಗಿ ಪರೀಕ್ಷೆಯೂ ಅವಳ ಕೈಗೆ ಬಂತು. ಡಾಕ್ಟರಮ್ಮ ಕೆಲಸದಲ್ಲಿ ಗಟ್ಟಿ, ಮಾತಿನಲ್ಲಿ ಚುಟುಕು. ಮೆಷಿನ್ ಕೂರಿಸಿ, ಸದ್ದು ಹೊಂದಿಸಿ, "ಅಭ್ಯಾಸ ಆಗುತ್ತೆ, ಹೋಗಿಬನ್ನಿ" ಎಂದು ಕಳಿಸಿಬಿಡುವರು. ಅಭ್ಯಾಸ ಆಗದವರು ಮತ್ತೆ ಬರುತ್ತಲೇ ಇರಲಿಲ್ಲ.

ಒಂದು ಮಧ್ಯಾಹ್ನ ವಯಸ್ಸಾದ ಕ್ಷೌರಿಕನೊಬ್ಬ ಮೆಟ್ಟಿಲೇರಿ ಬಂದು ಮೆಷಿನ್ನಿನ ಡಬ್ಬಿಯನ್ನು ಮೇಜಿನ ಮೇಲೆ ಕುಕ್ಕಿದ. "ಇದನ್ನ ನೀವೇ ಇಟ್ಕೊಳ್ಳಿ!"

ಡಾಕ್ಟರಮ್ಮ ಪರೀಕ್ಷಿಸಿ ನೋಡಿದರು. "ಮೆಷಿನ್ ಚೆನ್ನಾಗೇ ಇದೆಯಲ್ಲ ಯಜಮಾನ್ರೇ."

"ಮೆಷಿನ್ ಚೆನ್ನಾಗಿದೆ. ನಾನು ಚೆನ್ನಾಗಿಲ್ಲ" ಎಂದು ಮುದುಕ ಹೊರಗಿನ ಬೆಂಚಿನ ಮೇಲೆ ಹೋಗಿ ಕೂತುಬಿಟ್ಟ.

ಅವಳು ನೀರು ಕೊಟ್ಟು ಪಕ್ಕದಲ್ಲಿ ಕೂತಳು. ಅವನ ಬಾಯಿ ಬಿಡಿಸಲು ಹೆಚ್ಚು ಹೊತ್ತು ಬೇಕಾಗಲಿಲ್ಲ. ಮುದುಕನ ಕ್ಷೌರದಂಗಡಿಯನ್ನು ಈಗ ಅವನ ಮಗ ನಡೆಸುತ್ತಿದ್ದ. ಅಪ್ಪನನ್ನೂ ಕುರ್ಚಿಯ ಹಿಂದೆ ನಿಲ್ಲಲು ಬಿಡುತ್ತಿದ್ದನಾದರೂ ಗಿರಾಕಿ ಹೇಳಿದ್ದೊಂದು, ಮುದುಕನಿಗೆ ಕೇಳಿಸಿದ್ದೊಂದು. ಮೀಸೆ ಸ್ವಲ್ಪ ಒಪ್ಪ ಮಾಡು ಎಂದವನ ಮೀಸೆಯನ್ನೇ ಬೋಳಿಸಿದ ಮೇಲೆ ಮಗ ಕೈಮುಗಿದು ಮನೆಯಲ್ಲಿರು ಎಂದಿದ್ದ.

"ಮೆಷಿನ್ ಹಾಕ್ಕೊಂಡ್ರೆ ಫ್ಯಾನು, ನಲ್ಲಿ, ಕತ್ತರಿ, ಬೀದಿ, ಎಲ್ಲಾ ಒಟ್ಟಿಗೇ ಮೈಮೇಲೆ ಬೀಳುತ್ತೆ ತಾಯಿ. ಅದರಲ್ಲಿ ಮನುಷ್ಯರ ಮಾತನ್ನ ಎಲ್ಲಿ ಅಂತ ಹುಡುಕಲಿ?"

ಅವಳು ಡಬ್ಬಿಯನ್ನು ತಂದು ಅವನ ಕೈಗೇ ಮರಳಿ ಕೊಟ್ಟು, ನಾಳೆ ಸಂಜೆ ಬನ್ನಿ ಎಂದಳು. ಮಾರನೆಯ ಸಂಜೆ ಮನೆಗೆ ಹೋಗುವ ಬದಲು ಅವನನ್ನು ಕರೆದುಕೊಂಡು ನೇರ ಅಂಗಡಿಗೇ ಹೋದಳು. ಮೊದಲು ಫ್ಯಾನು ಆರಿಸಿ ಅವರಿಬ್ಬರೇ ಮಾತಾಡಿದರು. ಆಮೇಲೆ ಫ್ಯಾನು ಹಾಕಿದರು. ಅದಕ್ಕೆ ಕಿವಿ ಒಗ್ಗಿದ ಮೇಲೆ ಕತ್ತರಿಯ ಸದ್ದು. ಗಿರಾಕಿಯ ಬೆನ್ನ ಹಿಂದೆ ನಿಂತರೆ ಮಾತು ತಪ್ಪುತ್ತದೆ, ಕನ್ನಡಿಯಲ್ಲಿ ತುಟಿ ನೋಡುತ್ತಿದ್ದರೆ ಹಿಡಿಯಬಹುದು ಎಂಬುದು ಅಲ್ಲಿ ನಿಂತು ನೋಡಿದಾಗಲೇ ಅವಳಿಗೂ ತಿಳಿದದ್ದು. ಹಾಗೆ ಒಂದಿಷ್ಟು ಸಂಜೆಗಳು ಕಳೆದ ಮೇಲೆ ಮೆಷಿನ್ ಮುದುಕನ ಕಿವಿಯಲ್ಲೇ ಉಳಿಯಿತು.

ವಿಷಯ ಡಾಕ್ಟರಮ್ಮನ ಕಿವಿಗೆ ಬಿತ್ತು. "ಯಾರನ್ನ ಕೇಳಿ ಹೋದ್ರಿ? ಏನಾದ್ರೂ ಹೆಚ್ಚುಕಮ್ಮಿ ಆಗಿದ್ರೆ ಉತ್ತರ ಹೇಳಬೇಕಾದವಳು ನಾನು."

"ತಪ್ಪಾಯ್ತು ಮೇಡಂ. ಕೇಳಬೇಕಿತ್ತು" ಎಂದಳು. ಅಷ್ಟಕ್ಕೇ ಸುಮ್ಮನಾಗಲು ಮನಸ್ಸಾಗಲಿಲ್ಲ. "ಈಗ ಕೇಳ್ತೀನಿ. ಇಂಥೋರು ಇನ್ನೂ ಇರ್ತಾರೆ. ಶನಿವಾರ ಬೆಳಿಗ್ಗೆ ಎಲ್ಲರನ್ನೂ ಇಲ್ಲಿಗೇ ಕರೆದು ಕೂರಿಸ್ಕೊಳ್ಳಲಾ?"

ಡಾಕ್ಟರಮ್ಮ ಅವಳ ಮುಖವನ್ನೇ ನೋಡಿದರು. "ನನ್ನ ಕೆಲಸಕ್ಕೆ ಅಡ್ಡಿ ಆಗಬಾರದು."

ಕಿವಿ ಕೇಳಿಸದವರಿಗೆ ಫೋನ್ ಮಾಡಿ ಕರೆಯುವುದು ಸುಲಭವೇ? ಸೊಸೆಯಂದಿರನ್ನು, ಅಳಿಯಂದಿರನ್ನು ಹಿಡಿದು ಕರೆಸಿದಳು. ಮೊದಲ ಶನಿವಾರ ಬಂದ ನಾಲ್ಕೈದು ಜನ ಒಬ್ಬರ ಮಾತು ಒಬ್ಬರಿಗೆ ತಿಳಿಯದೆ ಜಗಳಕ್ಕೇ ನಿಂತರು. ಬರಬರುತ್ತಾ ಬೆಂಚು ಸಾಲದಾಯಿತು. ಕ್ಷೌರಿಕ ಅಲ್ಲಿ ಎಲ್ಲರಿಗೂ ಹಿರಿಯಣ್ಣ. ಡ್ರಾಯರಿನ ಮೂಲೆ ಸೇರಿದ್ದ ಮೆಷಿನ್ನುಗಳು ಒಂದೊಂದಾಗಿ ಕಿವಿಗೆ ಮರಳಿದವು. ಬಂದವರು ತಮ್ಮ ತಂಗಿಯನ್ನೋ ಷಡ್ಡಕನನ್ನೋ ಪರೀಕ್ಷೆಗೆ ಕರೆತರತೊಡಗಿದರು.

ಆರು ತಿಂಗಳು ಮುಗಿದ ದಿನ ಡಾಕ್ಟರಮ್ಮ ಸರ್ಟಿಫಿಕೇಟು ಕೊಟ್ಟು, "ಇನ್ನೊಂದು ಮೂರು ತಿಂಗಳು ಹೀಗೇ ಮುಂದುವರಿಸಿ" ಎಂದರು, ಸಹಜವಾಗಿ.

ಅವಳು ಸರ್ಟಿಫಿಕೇಟನ್ನು ಮೇಜಿನ ಮೇಲಿಟ್ಟಳು. "ಹೀಗೇ ಅಂದ್ರೆ ಆಗಲ್ಲ ಮೇಡಂ. ನನಗೆ ಇಲ್ಲಿ ಕೆಲಸ ಬೇಕು. ಸಂಬಳದ ಕೆಲಸ."

ಡಾಕ್ಟರಮ್ಮನಿಗೆ ನಿಜಕ್ಕೂ ಆಶ್ಚರ್ಯ. "ಇಷ್ಟು ದಿನ ಕೇಳಲೇ ಇಲ್ಲವಲ್ಲ?"

"ನೀವೇ ಹೇಳ್ತೀರಿ ಅಂತ ಕಾಯ್ತಿದ್ದೆ."

"ನಾನು... ಮಗ ದೊಡ್ಡವನಾದ, ಹೊತ್ತು ಹೋಗಲಿ ಅಂತ ಬರ್ತಿದ್ದೀರಿ ಅಂದ್ಕೊಂಡಿದ್ದೆ."

ಗಂಡನ ಅಕ್ಕನ ಮಾತಿಗಿಂತ ಇದು ಹೆಚ್ಚು ನೋಯಿಸಿತು. ಇದರಲ್ಲಿ ಕುಹಕವೇ ಇರಲಿಲ್ಲ. "ಹೊತ್ತು ಕಳೆಯೋಕೆ ಮನೇಲಿ ಬೇಕಾದಷ್ಟಿದೆ ಮೇಡಂ" ಎಂದಳು ಮೆತ್ತಗೆ.

"ಬೆಳಿಗ್ಗೆ ಹೊತ್ತು ಮಾತ್ರ ಅಂದ್ರೆ ಏನಾದ್ರೂ ಮಾಡಬಹುದು."

"ಪೂರ್ತಿ ಕೆಲಸ ಮೇಡಂ."

ತಮ್ಮನನ್ನು ಕೇಳಬೇಕು, ಕ್ಲಿನಿಕ್ಕಿನ ಹಣಕಾಸೆಲ್ಲ ನೋಡಿಕೊಳ್ಳುವುದು ಅವನೇ ಎಂದರು ಡಾಕ್ಟರಮ್ಮ. ಅವಳು ಚೀಲ ಎತ್ತಿಕೊಂಡು ಮೆಟ್ಟಿಲಿಳಿದಳು. ಬೀದಿಗೆ ಬಂದ ಮೇಲೆ ತಿರುಗಿ ಮಹಡಿಯ ಕಿಟಕಿಯತ್ತ ನೋಡಿದಳು. ಕೈಗೆ ಬಂದದ್ದನ್ನು ತಾನೇ ಒದ್ದುಬಂದೆನೇ?

ಮನೆಯಲ್ಲಿ ಒಂದು ವಾರ ಕಪಾಟುಗಳೆಲ್ಲ ಅವಳ ಕೈಗೆ ಸಿಕ್ಕಿ ಫಳಫಳ ಹೊಳೆದವು. ಗಂಡ ತನ್ನ ಪಾಡಿಗೆ ತಾನು ತರಕಾರಿ ಹೆಚ್ಚಿಕೊಟ್ಟ. ಮಗ, "ಅಮ್ಮಾ, ಬೇರೆ ಕಡೆಗೂ ಅರ್ಜಿ ಹಾಕು" ಎಂದ. ಹಾಕಿದಳು.

ಶನಿವಾರ ಬೆಳಿಗ್ಗೆ ಡಾಕ್ಟರಮ್ಮನ ಫೋನ್ ಬಂತು. ಹಿಂದೆ ಸಂತೆಯಂಥ ಗದ್ದಲ.

"ಎಲ್ಲರೂ ಬಂದು ಕೂತಿದ್ದಾರೆ ಕಣ್ರೀ. ನೀವೆಲ್ಲಿ ಅಂತ ಒಂದೇ ಸಮನೆ ಕೇಳ್ತಿದ್ದಾರೆ. ಕಿವಿ ನೋಡೋದು ನನಗೆ ಬರುತ್ತೆ, ಇವರ ಜೊತೆ ಕೂರೋದು ಬರಲ್ಲ. ತಮ್ಮನಿಗೂ ಹೇಳಿ ಒಪ್ಪಿಸಿದೀನಿ." ಗದ್ದಲದಿಂದ ಆಚೆ ಸರಿದು, "ಅವತ್ತು ನಾನು ಹಾಗೆ ಅಂದ್ಕೊಂಡಿದ್ದು ತಪ್ಪು. ಪೂರ್ತಿ ಕೆಲಸಕ್ಕೆ ಬನ್ನಿ" ಎಂದರು.

"ಸೋಮವಾರ ಬರ್ತೀನಿ ಮೇಡಂ" ಎಂದು ಫೋನ್ ಇಟ್ಟವಳು ಅಡುಗೆಮನೆಯ ಬಾಗಿಲಿಗೆ ಒರಗಿ ಸ್ವಲ್ಪ ಅತ್ತಳು. ಆಮೇಲೆ ಮುಖ ತೊಳೆದು ಗಂಡನನ್ನು ಕೂಗಿದಳು.

ಸೋಮವಾರ ಮೊದಲು ಬಂದವಳು ಒಬ್ಬ ಅಜ್ಜಿ. ಗಾಜಿನ ಕೋಣೆಯಲ್ಲಿ ಕೂತು ಸುತ್ತ ನೋಡಿ, "ನೀನು ಇಲ್ಲೇ ಕೆಲಸ ಮಾಡೋದಾ?" ಎಂದಳು.

"ಹೌದಜ್ಜಿ! ಇಲ್ಲೇ! ಇಲ್ಲೇ ಕೆಲಸ!"

"ಅದಕ್ಕೆ ಯಾಕೆ ಹಾಗೆ ಕಿರುಚ್ತೀಯೇ?" ಎಂದಳು ಅಜ್ಜಿ, "ನಾನೇನು ಅಷ್ಟೊಂದು ಕಿವುಡಿ ಅಲ್ಲ."