ಒಂದು ಮನೆಯ ಸೋಬಾನೆ

"ಕಳ್ರು! ಎಲ್ರೂ ಕಳ್ರು!" ಎನ್ನುತ್ತ ಭುವನಾ ಫೋನನ್ನು ಅತ್ತೆಯ ಮುಂದೆ ಹಿಡಿದಳು. ಪಾಲಕೋಡಿನ ಯಾರದೋ ಮದುವೆಯ ವಿಡಿಯೋ. ಚಪ್ಪರದ ಸ್ಪೀಕರಿನಲ್ಲಿ ಅತ್ತೆ ಸೊಣ್ಣಮ್ಮನ ಸೋಬಾನೆ ಪದ ಮೊಳಗುತ್ತಿತ್ತು. ಅವರಿಗೆ ಹಾಡು ಮಾರಿದ ನೆನಪೇ ಭುವನಾಳಿಗಿರಲಿಲ್ಲ.

ಗಂಟಲಿನ ಆಪರೇಷನ್ ಆದಮೇಲೆ ಸೊಣ್ಣಮ್ಮನಿಗೆ ಹಾಡುವುದಿರಲಿ, ಮಾತಾಡುವುದೇ ಕಷ್ಟವಾಗಿತ್ತು. ಅದಕ್ಕೂ ಮೊದಲೇ ರೆಕಾರ್ಡ್ ಮಾಡಿಟ್ಟಿದ್ದ ಹಾಡುಗಳನ್ನು ಭುವನಾ ಮದುವೆ ಮನೆಗಳಿಗೆ ವಾಟ್ಸಾಪಿನಲ್ಲಿ ಕಳಿಸುತ್ತಿದ್ದಳು. ಈಗ ಮನೆಯ ಒಲೆ ಉರಿಯುತ್ತಿದ್ದುದು ಅದರಿಂದಲೇ. ಪ್ರತಿಸಲವೂ "ಒಂದು ಮನೆಗೆ ಮಾತ್ರ" ಎಂದು ಹೇಳಿಯೇ ಕಳಿಸುತ್ತಿದ್ದಳು. ಹಾಗೆ ನಂಬಿದ್ದೇ ದಡ್ಡತನವಾಯಿತೆಂದು ಅವಳಿಗೆ ಮೈಯೆಲ್ಲ ಉರಿಯಿತು. ಹಾಡು ಒಬ್ಬರ ಫೋನಿನಿಂದ ಇನ್ನೊಬ್ಬರಿಗೆ ಹೋಗದಂತೆ ಬೀಗ ಹಾಕುವ ಆಪ್ ಒಂದನ್ನು ಇಳಿಸಿಕೊಳ್ಳಲು ಒತ್ತಿದಳು. ವಿಡಿಯೋದಲ್ಲಿ ನಂಗವಳ್ಳಿಯ ಮಾರಿಯಪ್ಪ ಕಂಡಿದ್ದ. ಕುರಿ ಸಾಕುವ ಆ ಮುದುಕ ಮಗನ ಮದುವೆಗೆಂದು ಹಾಡು ಕೊಂಡಿದ್ದವನು. ಅವನಿಗೇ ಫೋನ್ ಮಾಡಿದಳು.

"ಏನ್ ಮಾಮಾ, ನಂಬಿ ಕೊಟ್ರೆ ಊರಿಗೆಲ್ಲಾ ಅಂಚ್ಬುಟ್ರಲ್ಲಾ?"

"ಅಯ್ಯೋ, ಇಲ್ಲಮ್ಮಾ! ಒಂದ್ ಮನೆಗೇ ತಾನೆ ಕೊಟ್ಟಿದ್ದು? ಪಾಲಕೋಡಿನೋರು ನಮ್ ಮನೆಯೋರೇ. ಒಂದೇ ಕುಲ, ಒಂದೇ ದ್ಯಾವ್ರು. ನಮ್ ಮನೆಯೋರು ಎಲ್ಲಾ ಊರಾಗೂ ಅವ್ರೆ."

ಮನೆಯೆಂದರೆ ಭುವನಾಳ ಲೆಕ್ಕದಲ್ಲಿ ಒಂದು ಒಲೆ, ಒಂದು ಬಾಗಿಲು. ಮುದುಕನಿಗೆ ಅದು ಇಡೀ ಕುಲ.

"ಬ್ಯಾರೆ ಮನೆಗೆ ಒಂದ್ ಪಾಟ್ಟೂ, ಒಂದ್ ಪದಾನೂ ಕೊಟ್ಟಿಲ್ಲ, ಸತ್ಯವಾಗ್ಲೂ," ಎಂದ ಮಾರಿಯಪ್ಪ. "ನನ್ ಮಗ್ಳು ಸಣ್ಣಕ್ಕ, ನಾದಿನಿ ಮದ್ವೆಗೆ ಬೇಕು ಅಂತ ಫೋನಾಗೆ ಅತ್ಳು. ಮದ್ವೆ ಮಾಡ್ಕೊಟ್ಟ ಎಣ್ಣು ಬ್ಯಾರೆ ಮನೆ ಆಗೋದ್ಲಲ್ಲಮ್ಮಾ? ಇಲ್ಲ ಅಂದ್ಬುಟ್ಟೆ. ಅವತ್ನಿಂದ ನನ್ ಕೂಡೆ ಮಾತೇ ಬುಟ್ಟವ್ಳೆ."

ಪಕ್ಕದಲ್ಲಿ ಕೂತು ಕೇಳುತ್ತಿದ್ದ ಸೊಣ್ಣಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡಳು. ಇಂಥವನನ್ನು ಕಳ್ಳ ಅಂದೆನಲ್ಲ ಎಂದು ಭುವನಾಳಿಗೆ ನಾಚಿಕೆಯಾಯಿತು. ಇನ್ನೂ ಇಳಿಯುತ್ತಿದ್ದ ಆಪನ್ನು ನಿಲ್ಲಿಸಿದಳು.

"ಪರವಾಯಿಲ್ಲ ಮಾಮಾ, ಮಗ್ಳಿಗೆ ಕಳ್ಸಿ."

"ನಾನ್ ಕಳ್ಸಾಕಿಲ್ಲಮ್ಮಾ. ಮಾತು ಕೊಟ್ಟಿದೀನಿ. ನಂಬರ್ ಕೊಡ್ತೀನಿ, ನೀವೇ ಕಳ್ಸಿ."

ಹಾಡುಗಳು ಒಂದೊಂದಾಗಿ ಸಣ್ಣಕ್ಕನಿಗೆ ಹೋದವು. ಸ್ವಲ್ಪ ಹೊತ್ತಿಗೆ ಅವಳೇ ಫೋನ್ ಮಾಡಿದಳು. ಹಾಡು ಹೇಗಿದೆ ಎನ್ನಲಿಲ್ಲ, ಎಷ್ಟು ಕೊಡಬೇಕು ಎಂದೂ ಕೇಳಲಿಲ್ಲ.

"ಅಕ್ಕಾ, ಅಪ್ಪ ಕಳ್ಸಕ್ಕೆ ಏಳುದ್ರಾ?"

ಭುವನಾ ಅತ್ತೆಯ ಮುಖ ನೋಡಿದಳು.

"ಊಂ ಕಣಮ್ಮಾ," ಎಂದಳು. "ಅಪ್ಪಾನೇ."