ಸುಗುಣಿ ಬಾವಿಗೆ ಹಾರುವ ಅಂಕ

ಕೊಬ್ಬರಿ ಎಣ್ಣೆಯಲ್ಲಿ ಕಲಸಿದ ಮುಖದ ಬಣ್ಣ, ಅದರ ಜೊತೆಗೆ ಗ್ಯಾಸಬತ್ತಿಯ ಸೀಮೆಎಣ್ಣೆ. ನಾಟಕವೆಂದರೆ ಸಾವಂತ್ರವ್ವನಿಗೆ ಚಿಕ್ಕಂದಿನಿಂದಲೂ ಈ ವಾಸನೆಯೇ. ಅಪ್ಪನ ಹೆಗಲ ಮೇಲೆ ಕೂತು ನೋಡಿದ ಕಥೆಗಳೆಲ್ಲ ಮರೆತುಹೋಗಿದ್ದವು. ವಾಸನೆ ಮಾತ್ರ ಹೋಗಿರಲಿಲ್ಲ.

ಎಪ್ಪತ್ನಾಲ್ಕರ ಬೇಸಿಗೆಯಲ್ಲಿ ವಿಜಾಪುರಕ್ಕೆ ಒಂದು ನಾಟಕ ಕಂಪನಿ ಬಂತು. ಸಾವಂತ್ರವ್ವನ ಊರು ತಿಕೋಟಾದ ಅರ್ಧ ಜನ ಬಸ್ಸಿಗೆ ಜೋತುಬಿದ್ದು ಹೋಗಿ ನೋಡಿಬಂತು. ನಾಟಕದ ಸುಗುಣಿ ತವರಿಲ್ಲದವಳು, ಗಂಡ ಬಿಟ್ಟ ಬಸುರಿ. ಕೊನೆಯ ಅಂಕದಲ್ಲಿ ಬಾವಿಗೆ ಹಾರುತ್ತಾಳೆ. ಜನ ಅತ್ತು, ಮೂಗು ಒರೆಸಿಕೊಂಡು, ಭಾಳ ಚಲೋ ಆತು ಎನ್ನುತ್ತ ಹೊರಬಂದರು. ಸಾವಂತ್ರವ್ವನಿಗೆ ಚಲೋ ಅನ್ನಿಸಲಿಲ್ಲ. ದಿನಕ್ಕೆರಡು ಆಟವೆಂದರೆ ಆ ಹುಡುಗಿ ದಿನಕ್ಕೆರಡು ಸಲ ಹಾರಬೇಕು. ಅಷ್ಟು ಜನರಲ್ಲಿ ಕೈ ಹಿಡಿದು ಜಗ್ಗುವವರು ಒಬ್ಬರೂ ಇಲ್ಲವೇ?

ಅದೇ ನಾಟಕವನ್ನು ಊರಲ್ಲಿ ಆಡಿಸಲು ಈರಯ್ಯ ಮಾಸ್ತರು ಹೊರಟಾಗ, ಆಕೆ ಕೊನೆಯ ಅಂಕವನ್ನು ಹೊಸದಾಗಿ ಬರೆದು ಒಯ್ದಳು. ಅದರಲ್ಲಿ ಸುಗುಣಿ ಬದುಕಿ, ಹಡೆದು, ಹೊಲಿಗೆ ಮಶೀನು ಇಟ್ಟುಕೊಂಡು, ಅದನ್ನು ತುಳಿಯುತ್ತ ಒಂದು ಹಾಡು ಹಾಡುತ್ತಿದ್ದಳು.

ಮಾಸ್ತರು ಸಾಹಿತ್ಯದ ಕಾವಲುಗಾರರು. ಆ ಕೆಲಸವನ್ನು ಅವರಿಗೆ ಯಾರೂ ವಹಿಸಿರಲಿಲ್ಲ; ಹಾಗಾಗಿ ರಜೆಯೂ ಇರಲಿಲ್ಲ.

“ತಂಗಿ, ಮೂಲದಾಗ ಏನೈತಿ ಅದೇ ಶುದ್ಧ. ಸಾಯೋ ಪಾತ್ರ ಸಾಯಬೇಕು.”

“ಎರಡನೇ ಅಂಕದಾಗ ಸತ್ತ ಗೌಡ ನಾಕನೇ ಅಂಕದಾಗ ಬಂದು ಹಾಡ್ತಾನಲ್ರೀ?”

“ಅದು ಮೂಲದಾಗ ಐತಿ. ಹಂಗಾಗಿ ತಪ್ಪಲ್ಲ.”

“ನಿಮ್ಮ ವಕೀಲನ ಪಾತ್ರಕ್ಕ ನೀವು ಮಾತು ಹೆಚ್ಚಿಗಿ ಬರಕೊಂಡೀರಂತ?”

“ಅದು ಸುಧಾರಣೆ. ನೀ ಬರದದ್ದು ಕಲಬೆರಕಿ. ಬರಿಯೂದಕ್ಕ ಒಂದು ದರ್ಜೆ ಅಂತ ಇರತೈತಿ. ಕಂಡಕಂಡವರು ಬರಕೋತ ಹೋದ್ರ ನಾಟಕಕ್ಕ ಏನ ಬೆಲಿ?”

ಹಾಳೆಗಳನ್ನು ಮರಳಿ ಕೊಟ್ಟರು. ಹಾರ್ಮೋನಿಯಂ ಪೇಟಿ ಬಾರಿಸಲು ಬಬಲೇಶ್ವರದಿಂದ ಬಂದಿದ್ದ ಫಕ್ರುದ್ದೀನ ಅವನ್ನು ಇಸಿದುಕೊಂಡು ಓದಿದ. “ಅಕ್ಕಾರ, ಮಶೀನಿನ ಹಾಡಿಗೆ ಧಾಟಿ ಚಲೋ ಕೂಡ್ರತೈತಿ,” ಎಂದಷ್ಟೇ ಹೇಳಿದ. ಆಕೆಗೆ ಅಷ್ಟು ಸಾಕಾಗಿತ್ತು. ಹಾಳೆಗಳನ್ನು ಹರಿಯದೆ ಮನೆಗೆ ಒಯ್ದಳು.

ಕಡೆಯ ತಾಲೀಮು ಹನುಮಪ್ಪನ ಗುಡಿಯ ಮುಂದೆ, ಹಗಲಲ್ಲೇ ನಡೆಯಿತು. ಹೆಂಗಸರೂ ಬಂದು ಕೂತರು. ಸುಗುಣಿಯ ಪಾತ್ರಕ್ಕೆ ಕುರಿ ಕಾಯುವ ಅಮಸಿದ್ದ ಮೀಸೆ ಬೋಳಿಸಿಕೊಂಡಿದ್ದ. ಗಂಟಲು ಮಾತ್ರ ಇನ್ನೂ ಕುರಿ ಕರೆಯುವಷ್ಟೇ ಇತ್ತು. ಮೂರನೇ ಅಂಕದಲ್ಲಿ ಆತ, “ನನಗ ತವರ ಇಲ್ಲವ್ವೋ, ಕುಬಸ ಮಾಡವರ ಯಾರು?” ಎಂದು ಒದರಿದ.

ಹಿಂದೆ ಕೂತಿದ್ದ ಮುದುಕಿ ಕಾಳವ್ವ ಎದ್ದು ನಿಂತಳು. “ನಾವೇನ ಸತ್ತೇವೇನ?” ಎಂದವಳೇ ನಾಲ್ಕು ಹೆಂಗಸರನ್ನು ಎಬ್ಬಿಸಿಕೊಂಡು ಹೋದಳು. ಅಶಿಸ್ತು ತೊಲಗಿತೆಂದು ಮಾಸ್ತರು ತಾಲೀಮು ಮುಂದುವರಿಸಿದರು.

ಬಾವಿಗೆ ಹಾರುವ ಹೊತ್ತಿಗೆ ಆ ಹೆಂಗಸರು ಬುಟ್ಟಿ ಹೊತ್ತು ಬಂದರು. ಒಂದರಲ್ಲಿ ಹಸಿರು ಖಣ, ಬಳೆ, ಕೊಬ್ಬರಿ, ಅಕ್ಕಿ; ಉಳಿದವುಗಳಲ್ಲಿ ಮನೆಮನೆಯಿಂದ ಕೂಡಿಸಿದ ಊಟ. ಅಮಸಿದ್ದನನ್ನು ಮಣೆಯ ಮೇಲೆ ಕೂರಿಸಿ, ಬಸುರಿಗೆ ಮಾಡುವ ಕುಬಸದ ಶಾಸ್ತ್ರವನ್ನೆಲ್ಲ ಮಾಡಿ, ಉಡಿ ತುಂಬಿದರು. ಬಳೆ ಆತನ ಮುಂಗೈಗೆ ಏರಲಿಲ್ಲ, ದಾರದಿಂದ ಕಟ್ಟಿದರು.

“ಹಾರೋ, ಹಾರೋ!” ಎಂದರು ಮಾಸ್ತರು.

“ಉಡಿ ತುಂಬ್ಯಾರ್ರೀ,” ಎಂದ ಅಮಸಿದ್ದ. “ಈಗ ಹ್ಯಾಂಗ ಹಾರ್ಲಿ?”

“ಹಾರಿ ನೋಡಲೇ, ಕಾಲ ಮುರೀತೀನಿ,” ಎಂದಳು ಕಾಳವ್ವ.

“ಯವ್ವಾ, ಇದು ನಾಟಕ!” ಎಂದರು ಮಾಸ್ತರು.

“ಸಾಯೂದು ನಾಟಕದಾಗ ನಡೀತೈತಿ, ಕುಬಸ ನಡಿಯಂಗಿಲ್ಲೇನ್ರಿ?”

“ನಾಳೆ ಮೂಲ ಬರದವರು ಬಂದು ಕೇಳಿದ್ರ?”

“ಬರಲಿ. ಉಂಡು ಹೋಗಲಿ.”

ಫಕ್ರುದ್ದೀನ ಯಾರೂ ಹೇಳದೆಯೇ ಮಶೀನಿನ ಹಾಡಿನ ಧಾಟಿ ಎತ್ತಿದ. ಆದರೆ ಉಡಿ ತುಂಬಿಸಿಕೊಂಡ ಸುಗುಣಿ ಮುಂದೆ ಏನು ಮಾತಾಡಬೇಕು? ಮೂಲದಲ್ಲಿ ಅದಕ್ಕೆ ಒಂದಕ್ಷರವೂ ಇರಲಿಲ್ಲ. ಮಾಸ್ತರು ಕೆಮ್ಮಿ, ಸಾವಂತ್ರವ್ವನ ಕಡೆ ನೋಡದೆ ಕೈ ಚಾಚಿದರು. ಆಕೆ ಸೆರಗಿನಲ್ಲಿ ಕಟ್ಟಿಕೊಂಡು ಬಂದಿದ್ದ ಹಾಳೆಗಳನ್ನು ಬಿಚ್ಚಿ ಕೊಟ್ಟಳು. ಅವರು ಗುಡಿಯ ಕಟ್ಟೆಯ ಮೇಲೆ ಕೂತು ಓದಿದರು. ಇದರಲ್ಲಿ ವಕೀಲನಿಗೆ ಒಂದೇ ಮಾತು ಇರುವುದನ್ನು ಕಂಡು ಪೆನ್ಸಿಲ್ ತೆಗೆದರು. ಸುಧಾರಣೆ ಶುರುವಾಯಿತು.

ಎಲ್ಲರೂ ಉಣ್ಣಲು ಕೂತರು. ಬಸುರಿಯನ್ನು ಕೊಲ್ಲಲು ಹೊರಟಿದ್ದ ಮನುಷ್ಯನನ್ನು ಯಾರೂ ಕರೆಯಲಿಲ್ಲ. ಮಾಸ್ತರು ತಾವಾಗಿ ಎದ್ದು ಬರಲಿಲ್ಲ. ಬೆಳಗಿನಿಂದ ಅವರು ಬರೀ ಚಹಾದ ಮೇಲೆ ಇದ್ದುದನ್ನು ಸಾವಂತ್ರವ್ವ ನೋಡಿದ್ದಳು. ತಾಟಿನಲ್ಲಿ ರೊಟ್ಟಿ, ಎಣ್ಣೆಗಾಯಿ, ಒಂದು ಹೋಳಿಗೆ ಹಾಕಿಕೊಂಡು ಕಟ್ಟೆಯ ಹತ್ತಿರ ಹೋಗಿ ಅವರ ಕೈಗೆ ಕೊಟ್ಟಳು.