ಹನ್ನೊಂದು ವರ್ಷ ಕೊರೆದ ಕಾಲುವೆ

ಸ್ಟಾಫ್ ಎಂಬ ಅಳತೆಗೋಲು ಹಿಡಿಯಬೇಕಿದ್ದ ಕೆಲಸಗಾರ ಹೊರಡುವ ದಿನವೇ ಜ್ವರ ಬಂದು ಮಲಗಿದ. ಹಾಗಾಗಿ ದ್ವೀಪಕ್ಕೆ ಇಳಿದವರು ಇಬ್ಬರೇ. ಒಬ್ಬ ಸರ್ವೇಯರ್ ಗುರುವ, ಇನ್ನೊಬ್ಬ ದೋಣಿ ನಿಲ್ಲಿಸುವ ಜಾಗ ತೋರಿಸಲು ಬಂದಿದ್ದ ಎಪ್ಪತ್ತು ದಾಟಿದ ಮೀನುಗಾರ ಅಲಿ. ದೋಣಿ ನಡೆಸುವ ಶಹೀದ್ ಸಾಮಾನುಗಳನ್ನೆಲ್ಲ ಬಂಡೆಯ ಮೇಲಿಟ್ಟು, "ನಾಲ್ಕನೇ ದಿನ ಬೆಳಿಗ್ಗೆ ಬರ್ತೇನೆ. ಅದಕ್ಕಿಂತ ತಡ ಆಗೋದಿಲ್ಲ. ಖರೀಫ್ ಹತ್ತಿರ ಬಂದಿದೆ" ಎಂದು ಹಿಂದಿಯಲ್ಲಿ ಹೇಳಿ ಹೊರಟುಹೋದ.

ಖರೀಫ್ ಅಂದರೆ ಆ ಅರಬ್ಬಿ ನಾಡಿನ ಕರಾವಳಿಯ ಮಳೆಗಾಲ. ಮಳೆಗಿಂತ ಮಂಜೇ ಹೆಚ್ಚು. ಮೂರು ತಿಂಗಳು ಸಮುದ್ರ ಕೆರಳಿ ನಿಲ್ಲುತ್ತದೆ, ಸಣ್ಣ ದೋಣಿಗಳು ದಡ ಬಿಟ್ಟು ಹೋಗುವುದಿಲ್ಲ. ಮುಲ್ಕಿ ಕಡೆಯವನಾದ ಗುರುವ ಸಲಾಲಾದಲ್ಲಿ ಹದಿನಾಲ್ಕು ಖರೀಫ್ ನೋಡಿದ್ದ. ಈ ಬಾರಿಯ ಕೆಲಸ ಸುಲಭದ್ದೇ ಎಂದುಕೊಂಡಿದ್ದ. ಹಡಗುಗಳಿಗೆ ದಾರಿ ತೋರಿಸುವ ದೀಪದ ಗೋಪುರವೊಂದು ಅಲ್ಲಿ ಏಳಬೇಕಿತ್ತು. ಅದಕ್ಕೆ ಜಾಗ ಅಳೆದು ಗುರುತು ಹಾಕಿ ಬರಬೇಕು, ಅಷ್ಟೇ. ಆಫೀಸಿನ ಹಳೆಯ ನಕ್ಷೆಯಲ್ಲಿ ದ್ವೀಪಕ್ಕೆ ಹೆಸರಿರಲಿಲ್ಲ, ಒಂದು ಸಂಖ್ಯೆ ಮಾತ್ರ ಇತ್ತು. ಕೆಳಗೆ 'ಬರಿ ಬಂಡೆ, ಕಟ್ಟಡ ಯಾವುದೂ ಇಲ್ಲ' ಎಂದು ಬರೆದಿತ್ತು. ಮೀನುಗಾರರು ಅದನ್ನು ಮಝೂಲಾ ಎನ್ನುತ್ತಿದ್ದರು. ಬೇರೆ ಇಟ್ಟದ್ದು ಎಂದು ಅದರ ಅರ್ಥ.

ದಡ ಹತ್ತಿ ಮೇಲಿನ ಸಪಾಟು ಜಾಗಕ್ಕೆ ಬಂದಾಗಲೇ ನಕ್ಷೆ ಸುಳ್ಳು ಹೇಳಿದೆ ಎಂದು ಗುರುವನಿಗೆ ಗೊತ್ತಾಯಿತು. ಎದೆಯೆತ್ತರದ ಗೋಡೆಗಳುಳ್ಳ ಹತ್ತು ಹನ್ನೆರಡು ಮನೆಗಳು ಅಲ್ಲಿದ್ದವು, ಮಾಡು ಯಾವುದಕ್ಕೂ ಉಳಿದಿರಲಿಲ್ಲ. ಒಂದು ಮನೆಯಿಂದ ಇನ್ನೊಂದಕ್ಕೆ, ಅಲ್ಲಿಂದ ನಮಾಜಿನ ಕಟ್ಟೆಗೆ, ಕೊನೆಗೆ ಬಂಡೆಯ ಒಂದು ಬಿಲದ ಬಾಯಿಗೆ, ಸೊಂಟದೆತ್ತರದ ಗಿಡ್ಡ ಗೋಡೆಯೊಂದು ಎಲ್ಲೂ ಕಡಿಯದೆ ಹೋಗಿತ್ತು. ಅದರ ನೆತ್ತಿಯ ಕಲ್ಲುಗಳೆಲ್ಲ ನುಣ್ಣಗೆ ಸವೆದಿದ್ದವು.

"ಇದೆಂತ ಗೋಡೆ? ಆಡು ಕಟ್ಟಲಿಕ್ಕಾ?" ಎಂದು ಗುರುವ ಕೇಳಿದ. ಅವರಿಬ್ಬರ ನಡುವೆ ನಡೆಯುತ್ತಿದ್ದದ್ದು ಅರ್ಧ ಹಿಂದಿ, ಅರ್ಧ ಅರಬ್ಬಿ.

ಅಲಿ ಚಪ್ಪಲಿ ಕಳಚಿ ಕೈಯಲ್ಲಿ ಹಿಡಿದುಕೊಂಡು ನಿಂತಿದ್ದ.

ಗುರುವ ಬಿಲದೊಳಗೆ ಟಾರ್ಚ್ ಬಿಟ್ಟು ನೋಡಿದ. ಅದು ಬಿಲವಲ್ಲ, ತೊಟ್ಟಿ. ನಾಲ್ಕು ಮೀಟರ್ ಆಳ, ಎಂಟು ಮೀಟರ್ ಅಗಲ. ಒಳಗೋಡೆಗೆಲ್ಲ ಗಾರೆ ಮೆತ್ತಿತ್ತು. ತಳದಲ್ಲಿ ಇನ್ನೂ ಒಂದಡಿ ನೀರು ನಿಂತು ಟಾರ್ಚಿನ ಬೆಳಕನ್ನು ಅಲುಗಾಡದೆ ಹಿಡಿದುಕೊಂಡಿತ್ತು. ಗೋಪುರದ ಗುರುತು ಹಾಕಬೇಕಾದದ್ದು ನೆಟ್ಟಗೆ ಅದರ ಮೇಲೆಯೇ.

ತೊಟ್ಟಿಗೆ ನೀರು ಎಲ್ಲಿಂದ ಬಂತು ಎಂದು ಹುಡುಕುತ್ತ ಹೋದಾಗ ಬಂಡೆಯಲ್ಲಿ ಕೊರೆದ, ಗೇಣಗಲದ ಕಾಲುವೆ ಸಿಕ್ಕಿತು. ಅದು ದ್ವೀಪದ ದಕ್ಷಿಣಕ್ಕಿದ್ದ ಕಡಿದಾದ ಬಂಡೆಗೋಡೆಯ ಬುಡಕ್ಕೆ ಹೋಗಿ, ಅದರ ಉದ್ದಕ್ಕೂ ಅಂಟಿಕೊಂಡಂತೆ ಸಾಗಿತ್ತು. ಗುರುವ ನೆಲದ ಏರಿಳಿತ ನೋಡುವ ಲೆವೆಲ್ ಉಪಕರಣವನ್ನು ಮುಕ್ಕಾಲಿಯ ಮೇಲೆ ಕೂರಿಸಿದ. ಸ್ಟಾಫ್ ಹಿಡಿಯಲು ಬೇರೆ ಯಾರೂ ಇಲ್ಲದ್ದರಿಂದ ಅಲಿಯೇ ಹಿಡಿದ. ಹತ್ತು ಮೀಟರಿಗೊಮ್ಮೆ ನಿಲ್ಲುತ್ತ, ಇನ್ನೂರ ಹತ್ತು ಮೀಟರ್ ಅಳೆದರು.

ಅಳೆದು ಮುಗಿಸಿ ಪುಸ್ತಕ ನೋಡಿದ ಗುರುವನಿಗೆ ತನ್ನ ಕಣ್ಣನ್ನೇ ನಂಬಲಾಗಲಿಲ್ಲ. ಪ್ರತಿ ಹತ್ತು ಮೀಟರಿಗೆ ಮೂರು ಸೆಂಟಿಮೀಟರ್ ಇಳಿಜಾರು, ಕೆಲವೆಡೆ ಮೂರೂವರೆ. ಒಂದು ಕಡೆಯೂ ಏರಿಲ್ಲ, ಒಂದು ಕಡೆಯೂ ದಿಢೀರನೆ ಬಿದ್ದಿಲ್ಲ. ತಾನೆಲ್ಲೋ ತಪ್ಪಿದೆನೆಂದು ತಿರುಗಿ ಕೊನೆಯಿಂದ ಮೊದಲಿಗೆ ಅಳೆದ. ಅದೇ ಲೆಕ್ಕ ಬಂತು. ಈ ಕೆಲಸವನ್ನು ಇಷ್ಟು ಚೊಕ್ಕವಾಗಿ ಮಾಡಲು ತನಗೆ ಉಪಕರಣ ಬೇಕು, ಇಬ್ಬರು ಅನುಭವಸ್ಥರು ಬೇಕು, ಕೊರೆಯುವ ಯಂತ್ರ ಬೇಕು ಎಂದು ಅವನು ಮನಸ್ಸಿನಲ್ಲೇ ಎಣಿಸಿದ.

"ಇದನ್ನು ಮಾಡಿದ್ದು ಯಾವ ಎಂಜಿನಿಯರ್?"

"ನನ್ನ ಅಮ್ಮ," ಎಂದ ಅಲಿ. "ಅಮ್ಮ, ಮತ್ತೆ ಹದಿನೆಂಟು ಜನ."

ಇಬ್ಬರೂ ಕಾಲುವೆಯ ಅಂಚಿನಲ್ಲಿ ಕುಳಿತರು. ಅಲಿ ನಿಧಾನವಾಗಿ ಹೇಳಿದ. ಕುಷ್ಠ ಬಂದವರನ್ನು ಊರಿನವರು ದೋಣಿಯಲ್ಲಿ ತಂದು ಇಲ್ಲಿ ಇಳಿಸುತ್ತಿದ್ದರು. ಹದಿನೈದು ದಿನಕ್ಕೊಮ್ಮೆ ಖರ್ಜೂರ, ಒಣಮೀನು, ತೊಗಲಿನ ಚೀಲಗಳಲ್ಲಿ ನೀರು ತಂದು ಬಂಡೆಯ ಮೇಲಿಟ್ಟು ಹೋಗುತ್ತಿದ್ದರು. ಖರೀಫಿನಲ್ಲಿ ಮಾತ್ರ ದೋಣಿ ಬರುತ್ತಿರಲಿಲ್ಲ. ಸುತ್ತ ಮಂಜು, ಬಟ್ಟೆಯೆಲ್ಲ ಒದ್ದೆ, ಕುಡಿಯಲು ಮಾತ್ರ ನೀರಿಲ್ಲ. ಒಂದು ಖರೀಫಿನಲ್ಲಿ ಏಳು ಜನ ಬಾಯಾರಿ ಸತ್ತರು.

"ಅಮ್ಮನ ಹೆಸರು ತುಫೂಲ್. ಮಂಜು ಆ ಬಂಡೆಗೋಡೆಗೆ ಬಡಿದು ಹನಿಯಾಗಿ ಇಳಿಯೋದನ್ನು ಮೊದಲು ನೋಡಿದ್ದು ಅವಳು. ಇಳಿದ ಹನಿ ಮಣ್ಣಲ್ಲಿ ಇಂಗಿಹೋಗ್ತಿತ್ತು. ಅದನ್ನು ಹಿಡೀಬೇಕು ಅಂದಳು."

"ಕೈ?" ಎಂದು ಕೇಳಿ ಗುರುವ ನಾಲಿಗೆ ಕಚ್ಚಿಕೊಂಡ.

"ಕೈ ಕೆಲವರಿಗೆ ಇತ್ತು," ಎಂದ ಅಲಿ ಬೇಸರವಿಲ್ಲದೆ. "ಬೆರಳು ಹೋದವರು ಉಳಿಯನ್ನು ಮುಂಗೈಗೆ ಬಟ್ಟೆಯಿಂದ ಕಟ್ಟಿಕೊಳ್ತಿದ್ದರು. ಕಣ್ಣು ಹೋದವರು ಸುತ್ತಿಗೆ ಹೊಡೀತಿದ್ದರು, ಕಣ್ಣಿದ್ದವರು ಎಲ್ಲಿಗೆ ಅಂತ ಹೇಳ್ತಿದ್ದರು. ಆ ಗಿಡ್ಡ ಗೋಡೆ ಕಣ್ಣಿಲ್ಲದವರಿಗೇ. ಮೊಣಕೈ ತಾಗಿಸಿಕೊಂಡು ನಡೆದರೆ ನೀರಿಗೂ ನಮಾಜಿಗೂ ಯಾರನ್ನೂ ಕರೀಬೇಕಿರಲಿಲ್ಲ."

"ಈ ಇಳಿಜಾರು? ಇದನ್ನು ಹೇಗೆ ನೋಡಿದ್ರು?"

"ಮಣ್ಣಿನ ತಟ್ಟೆಯಲ್ಲಿ ನೀರು ತುಂಬಿ ಇಡೋರು. ಯಾವ ಕಡೆ ಚೆಲ್ಲಿತು ನೋಡೋರು. ಒಂದು ಮೊಳ ಕೊರೆದಾದ ಮೇಲೆ ಅಮ್ಮ ಬೋರಲು ಮಲಗಿ ಕೆನ್ನೆ ಕಲ್ಲಿಗೆ ಇಡೋಳು. ಅವಳ ಕೈಗೆ, ಕಾಲಿಗೆ ಏನೂ ತಿಳೀತಿರಲಿಲ್ಲ. ಕೆನ್ನೆ ಒಂದು ಚೆನ್ನಾಗಿತ್ತು. ಒಂದು ಬೊಗಸೆ ನೀರು ಬಿಟ್ಟರೆ ಅದು ಎಲ್ಲಿ ತಡೀತು, ಎಲ್ಲಿ ಓಡಿತು ಅಂತ ಹೇಳೋಳು. ತಡೆದರೆ ಮತ್ತೆ ಕೊರೀಬೇಕು. ಹನ್ನೊಂದು ವರ್ಷ."

ಅಲಿ ಹುಟ್ಟಿದ್ದು ಆ ದ್ವೀಪದಲ್ಲೇ, ಕಾಲುವೆಯಲ್ಲಿ ಮೊದಲ ನೀರು ಹರಿದ ಖರೀಫಿನಲ್ಲಿ. ಕೊರೆದ ಕತೆಯೆಲ್ಲ ಅಮ್ಮನ ಬಾಯಿಂದ ಕೇಳಿದ್ದು. ಆರು ವರ್ಷವಾದಾಗ, ಹುಡುಗನ ಮೈ ಶುದ್ಧವಾಗಿದೆ ಎಂದು ಸೋದರಮಾವ ಬಂದು ಕರೆದೊಯ್ದ. ಅಪ್ಪ ಅಷ್ಟು ಹೊತ್ತಿಗೆ ತೀರಿಕೊಂಡಿದ್ದ. ಅಮ್ಮ ಮಗನನ್ನು ಮುಟ್ಟಿ ಬೀಳ್ಕೊಡಲಿಲ್ಲ. ದೊಡ್ಡವನಾಗಿ ಮಾವನ ದೋಣಿಯಲ್ಲಿ ಬರುತ್ತಿದ್ದಾಗಲೂ ಇಪ್ಪತ್ತು ಮಾರು ದೂರದಿಂದಲೇ ಮಾತು. ದಡಕ್ಕೆ ಕಾಲಿಡಬೇಡ ಎಂದು ಅವಳ ಆಣೆ. ಔಷಧ ಬಂದು, ಉಳಿದವರನ್ನೆಲ್ಲ ಊರಿಗೆ ಕರೆತಂದ ವರ್ಷಕ್ಕೆ ಎರಡು ವರ್ಷ ಮೊದಲು ಅವಳು ಸತ್ತಳು. ಆಮೇಲೆ ಐವತ್ತು ವರ್ಷಕ್ಕೂ ಹೆಚ್ಚು ಕಾಲ ಅಲಿ ಈ ದ್ವೀಪದ ಸುತ್ತ ಮೀನು ಹಿಡಿದನೇ ಹೊರತು ಒಮ್ಮೆಯೂ ಇಳಿದಿರಲಿಲ್ಲ.

"ಈಗ ಯಾಕೆ ಬಂದ್ರಿ, ಅಲಿ ಭಾಯ್?"

"ಗೋಪುರ ಕಟ್ಟಿದ ಮೇಲೆ ನೋಡಲಿಕ್ಕೆ ಏನೂ ಇರೋದಿಲ್ಲ ಅಂದುಕೊಂಡೆ."

ಗುರುವ ಎದ್ದು ಕಾಲುವೆಯ ಉದ್ದಕ್ಕೂ ಇನ್ನೊಮ್ಮೆ ನಡೆದ. ಈಗ ಉಳಿಯ ಗುರುತುಗಳು ಒಂದೊಂದಾಗಿ ಕಂಡವು. ಕೆಲವು ಆಳ, ಕೆಲವು ಓರೆ, ಕೆಲವು ಗೀರಿದಷ್ಟೇ. ಅಂಥ ಲಕ್ಷಾಂತರ ಗೀರುಗಳಿದ್ದವು. ದೊಡ್ಡ ದೇವಸ್ಥಾನಗಳ ಮುಂದೆ ನಿಂತಾಗಲೂ ಅವನ ಮೈ ಹೀಗೆ ಜುಮ್ಮೆಂದಿರಲಿಲ್ಲ.

ಸಂಜೆ ಸ್ಯಾಟಲೈಟ್ ಫೋನಿನಲ್ಲಿ ಪ್ರಾಜೆಕ್ಟ್ ಮ್ಯಾನೇಜರ್ ಡೆಸ್ಮಂಡ್ ಸಿಕ್ಕಿದ. ಅವನೂ ಮಂಗಳೂರು ಕಡೆಯವನೇ. ಗುರುವ ತಾನು ಕಂಡದ್ದನ್ನೂ ಅಲಿಯಿಂದ ಕೇಳಿದ್ದನ್ನೂ ಹೇಳಿದ.

"ಕಾಲುವೆ, ಗೋಡೆ ಅಂತ ಎಂತ ಹೇಳ್ತಿದ್ದಿ ಮಾರಾಯ? ನಕ್ಷೆಯಲ್ಲಿ ಬಂಡೆ ಅಂತ ಉಂಟು. ಬಂಡೆ ಅಂತ ಬರ್ಕೊಂಡು ಬಾ. ಖಲಾಸ್."

"ಇದ್ದದ್ದನ್ನು ಇಲ್ಲ ಅಂತ ಬರೀಲಿಕ್ಕೆ ನಂಗೆ ಆಗುದಿಲ್ಲ ಸರ್."

"ನಿಂಗೆ ಬಿಸಿಲು ತಾಗಿದೆಯಾ ಎಂತ?"

"ಸರ್, ನೀವು ಹೇಳಿದ ಪಾಯಿಂಟಿನ ಕೆಳಗೆ ಎರಡಡಿ ಕಲ್ಲು ಮಾತ್ರ ಉಂಟು. ಅದರ ಕೆಳಗೆ ನಾಲ್ಕು ಮೀಟರ್ ಟೊಳ್ಳು. ಗೋಪುರ ನಿಲ್ಲುದಿಲ್ಲ."

"ನಾಲ್ಕು ಮೀಟರ್? ಮೊದ್ಲೇ ಹೇಳ್ಬಾರ್ದಾ? ಬೇರೆ ಗಟ್ಟಿ ಜಾಗ ಉಂಟಾ?"

"ಉತ್ತರಕ್ಕೆ ಅರವತ್ತು ಮೀಟರ್ ಆಚೆ ಉಂಟು. ನಾಳೆ ಅಳ್ದು ತರ್ತೇನೆ. ಆದ್ರೆ ಇದನ್ನೂ ಪೂರ್ತಿ ನಕ್ಷೆಗೆ ಹಾಕ್ತೇನೆ ಸರ್. ಮನೆ, ಗೋಡೆ, ಎಲ್ಲ."

"ಹಾಕು, ಹಾಕು. ಅದಕ್ಕೆ ಓವರ್‌ಟೈಮ್ ಮಾತ್ರ ಕೇಳ್ಬೇಡ," ಎಂದ ಡೆಸ್ಮಂಡ್. ಮತ್ತೆ ದನಿ ತಗ್ಗಿಸಿ, "ನಿಜವಾಗಿ ಕುಷ್ಠದವರೇ ಮಾಡಿದ್ದಾ ಅದನ್ನು?" ಎಂದು ಕೇಳಿದ.

ಮರುದಿನ ಗೋಪುರದ ಹೊಸ ಜಾಗದ ಕೆಲಸ ಮಧ್ಯಾಹ್ನಕ್ಕೇ ಮುಗಿಯಿತು. ಉಳಿದ ಹೊತ್ತೆಲ್ಲ ಗುರುವ ಮನೆಗಳನ್ನು ಅಳೆದ. ಪ್ರತಿ ಮನೆಯ ಮುಂದೆ ಅಲಿ ನಿಂತು ಅಲ್ಲಿದ್ದವರ ಹೆಸರು ಹೇಳಿದ. ಮೂರು ಮನೆಗಳ ಹೆಸರು ಅವನಿಗೆ ನೆನಪಿಗೆ ಬರಲಿಲ್ಲ. ಅದಕ್ಕೆ ತುಂಬ ಹೊತ್ತು ನೊಂದುಕೊಂಡ. ಆ ಸಂಜೆ ಅವನು ಕಾಲುವೆಯಲ್ಲಿ ಬಿದ್ದಿದ್ದ ಕಲ್ಲು, ಹಕ್ಕಿಗಳ ಹಿಕ್ಕೆ, ಒಣಗಿದ ಮಣ್ಣು ಎಲ್ಲವನ್ನೂ ಬಗ್ಗಿ ತೆಗೆಯತೊಡಗಿದ. ಯಾಕೆಂದು ಕೇಳದೆ ಗುರುವನೂ ಇನ್ನೊಂದು ತುದಿಯಿಂದ ಶುರುಮಾಡಿದ. ಮೂರನೆಯ ದಿನ ಪೂರ್ತಿ ಅದೇ ಕೆಲಸವಾಯಿತು.

ನಾಲ್ಕನೆಯ ದಿನ ಬೆಳಗಾದಾಗ ಸಮುದ್ರ ಕಾಣಲಿಲ್ಲ. ದಕ್ಷಿಣದಿಂದ ಮಂಜು ಎದ್ದು ಬಂದು ದ್ವೀಪವನ್ನು ನುಂಗಿತ್ತು. ಬಂಡೆಗೋಡೆಯ ಮೈಯೆಲ್ಲ ಕಪ್ಪಗೆ ಒದ್ದೆಯಾಗಿ ಬೆವರುತ್ತಿತ್ತು. ಇಬ್ಬರೂ ಅದರ ಬುಡಕ್ಕೆ ಹೋಗಿ ನಿಂತರು. ಹನಿಗಳು ಒಂದನ್ನೊಂದು ಕೂಡಿ ಎಳೆಯಾದವು, ಎಳೆಗಳು ಇಳಿದು ಕಾಲುವೆಯ ತಳವನ್ನು ತೋಯಿಸಿದವು. ತುಂಬ ಹೊತ್ತಿನ ತನಕ ಅಷ್ಟೇ. ಆಮೇಲೆ ಬೆರಳ ಗಾತ್ರದ ನೀರಿನ ಎಳೆಯೊಂದು ಮುಂದಕ್ಕೆ ಸರಿಯಿತು. ಎಲ್ಲೂ ಅವಸರಪಡಲಿಲ್ಲ, ಎಲ್ಲೂ ನಿಲ್ಲಲಿಲ್ಲ. ನಡೆಯುವ ಮಗುವಿನ ಜೊತೆ ಹೋದಂತೆ ಅವರು ಅದರ ಪಕ್ಕದಲ್ಲೇ ನಡೆದರು. ಸಮುದ್ರದ ಕಡೆಯಿಂದ ಶಹೀದ್‌ನ ದೋಣಿಯ ಹಾರ್ನ್ ಕೇಳಿಸಿತು. ಮತ್ತೆ ಮತ್ತೆ ಕೇಳಿಸಿತು.

"ಹೋಗಬೇಕಲ್ಲ," ಎಂದ ಅಲಿ. ಆದರೆ ಅವನ ಕಣ್ಣು ನೀರಿನ ಮೇಲೆಯೇ ಇತ್ತು.

"ಶಹೀದ್ ಕಾಯ್ತಾನೆ," ಎಂದ ಗುರುವ. "ತೊಟ್ಟಿಗೆ ಇನ್ನು ಎಪ್ಪತ್ತು ಮೀಟರ್ ಅಷ್ಟೇ ಉಂಟು."